ಗಣಕಯಂತ್ರದ ಹಳೆಯ ವಿಳಾಸ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯ ಗಣಕಯಂತ್ರವು ಇದ್ದಕ್ಕಿದ್ದಂತೆ ಮೌನವ್ರತ ಹಿಡಿಯಿತು. ತೀರಿಹೋದ ನಮ್ಮ ತಾಯಿಯವರು ಹೇಳಿದ ಹಾಡುಗಳೆಲ್ಲ ಅದರ ಡಿಸ್ಕಿನಲ್ಲಿದ್ದವು, ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಜಾಗ ಸಾಲದೆಂದು, ಸ್ನೇಹಿತರೊಬ್ಬರು ಅಳಿಸಿ ಕೊಟ್ಟ ಹಳೆಯ ಡಿಸ್ಕೊಂದನ್ನು ಜೊತೆಗೆ ಜೋಡಿಸಿದ್ದೆ. ಮರುಕ್ಷಣ ಕಪ್ಪು ತೆರೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬೆರಡು ಮಾತು ಮಾತ್ರ! ಅಂಗಡಿಯವರು, ಎಲ್ಲವನ್ನೂ ಒರಸಿ ಹೊಸದಾಗಿ ತುಂಬಬೇಕೆಂದರು. ಒರಸುವ ಮೊದಲು ವಿಷಯವೇನೆಂದು ತಿಳಿಯೋಣವೆಂದು ಓದಲು ಕುಳಿತೆ.

ಗ್ರಬ್ ಎಂಬುದು ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಮು. 1995ರಲ್ಲಿ ಎರಿಕ್ ಬೊಲೇನ್ ಎಂಬವರು ಆರಂಭಿಸಿದ್ದು. ಬಯೋಸ್ ಪದ್ಧತಿಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟುಗಳೇ ಅದರ ಹೆಬ್ಬಾಗಿಲು. ಅಷ್ಟು ಕಿರಿದಾದ ಸ್ಥಳದಲ್ಲಿ ಎಲ್ಲವೂ ಹಿಡಿಸದು. ಆದ್ದರಿಂದ ಅಲ್ಲಿರುವ ತುಣುಕು ಪಕ್ಕದ ತೆರಪಿನಲ್ಲಿರುವ ದೊಡ್ಡ ತುಣುಕನ್ನು ಕರೆಯುತ್ತದೆ. ಅದು ತನ್ನಲ್ಲಿ ಬರೆದಿಟ್ಟ ವಿಳಾಸಕ್ಕೆ ಹೋಗಿ, ಗ್ರಬ್‌ನ ಉಳಿದ ಭಾಗಗಳನ್ನೂ 'ಗ್ರಬ್.ಸಿಎಫ್‌ಜಿ' ಎಂಬ ಸೂಚನಾಪತ್ರವನ್ನೂ ಪಡೆಯುತ್ತದೆ.

ಇಲ್ಲಿಯೇ ಮರ್ಮವಿರುವುದು. ಗ್ರಬ್ ತಾನಾಗಿ ಎಲ್ಲ ಡಿಸ್ಕುಗಳಲ್ಲಿ ಸೂಚನಾಪತ್ರವನ್ನು ತಡಕುವುದಿಲ್ಲ. ಹೆಬ್ಬಾಗಿಲೂ ಪತ್ರವೂ ಒಂದೇ ಡಿಸ್ಕಿನಲ್ಲಿದ್ದರೆ, 'ನಾನಿರುವ ಡಿಸ್ಕಿನ ಒಂದನೆಯ ಪಾರ್ಟಿಷನ್' ಎಂಬಷ್ಟನ್ನೇ ಸಾಮಾನ್ಯವಾಗಿ ನೆನಪಿಡುತ್ತದೆ. ಬೇರೆ ಬೇರೆ ಡಿಸ್ಕುಗಳಲ್ಲಿದ್ದರೆ ಅಷ್ಟು ಸಾಲದು. ಎಚ್‌ಡಿ0, ಎಚ್‌ಡಿ1 ಎಂಬ ಡಿಸ್ಕಿನ ಸಂಖ್ಯೆಗಳನ್ನೂ ನಂಬುವಂತಿಲ್ಲ. ಬಯೋಸಿನ ಕ್ರಮ ಬದಲಾದರೆ ಅವೂ ಬದಲಾಗುತ್ತವೆ. ಆಗ ಪಾರ್ಟಿಷನ್ನಿನ 'ಯುಯುಐಡಿ' ಎಂಬ ಗುರುತನ್ನು ಹಿಡಿದು ಹುಡುಕುತ್ತದೆ. ವರ್ಗವಾಗಿ ಹೋದ ಗುಮಾಸ್ತನನ್ನು ಕ್ವಾರ್ಟರ್ಸಿನ ನಂಬರಿನಿಂದ ಹುಡುಕದೆ ಹೆಸರು ಹಿಡಿದು ವಿಚಾರಿಸಿದಂತೆ.

ನಮ್ಮಲ್ಲಿ ನಡೆದದ್ದಿಷ್ಟೆ. ಸ್ನೇಹಿತರದೂ ಲಿನಕ್ಸ್ ಡಿಸ್ಕೇ. ಅವರು ಪಾರ್ಟಿಷನ್ನನ್ನು ಅಳಿಸಿದ್ದರು. ಹೆಬ್ಬಾಗಿಲು ಹಾಗೆಯೇ ಉಳಿದಿತ್ತು. ಬಯೋಸ್ ಅದನ್ನೇ ಮೊದಲು ತಟ್ಟಿತು. ಅಲ್ಲಿನ ಗ್ರಬ್ ಹಳೆಯ ವಿಳಾಸಕ್ಕೆ ಹೋಗಿ, ಬರಿದಾದ ಮನೆಯನ್ನು ಕಂಡು ದಿಕ್ಕು ತೋಚದೆ ನಿಂತಿತು. ಪಕ್ಕದ ಡಿಸ್ಕಿನಲ್ಲಿ ನಮ್ಮ ಸಂಸಾರ ಕ್ಷೇಮವಾಗಿಯೇ ಇತ್ತು!

ಅಳುಕುತ್ತಲೇ 'ಎಲ್‌ಎಸ್' ಎಂದು ಕೀಲಿ ಒತ್ತಿದೆ. ಎರಡು ಡಿಸ್ಕುಗಳ ಹೆಸರೂ ಬಂದವು. ಎರಡನೆಯದರ ಒಳಗೆ ಇಣುಕಿದರೆ 'ಬೂಟ್', 'ಹೋಮ್' ಎಂಬ ಪರಿಚಿತ ಹೆಸರುಗಳು. ಹೋದ ಜೀವ ಬಂದಂತಾಯಿತು. ಯಂತ್ರವನ್ನು ಆರಿಸಿ, ಬಯೋಸಿನ ಪಟ್ಟಿಯಲ್ಲಿ ನಮ್ಮ ಡಿಸ್ಕನ್ನೇ ಮೊದಲಿಗೆ ತಂದೆ. ಯಂತ್ರ ಎಂದಿನಂತೆ ಎದ್ದು ಕುಳಿತಿತು.

ಆ ಸಂಜೆ ಮಕ್ಕಳು ಅಜ್ಜಿಯ ಹಾಡು ಕೇಳಿದರು. ವಾಚಕರಲ್ಲಿ ನನ್ನ ವಿನಂತಿ: ಯಂತ್ರ ಏಳಲಿಲ್ಲವೆಂದ ಮಾತ್ರಕ್ಕೆ ಒಳಗಿನ ಆಸ್ತಿ ಹೋಯಿತೆಂದು ಎಣಿಸಬೇಡಿರಿ, ಒರಸಲು ಅವಸರಪಡಬೇಡಿರಿ. ಸ್ನೇಹಿತರ ಡಿಸ್ಕೂ ವ್ಯರ್ಥವಾಗಲಿಲ್ಲ. ಹಾಡುಗಳ ಇನ್ನೊಂದು ಪ್ರತಿ ಈಗ ಅದರಲ್ಲಿದೆ. ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಟ್ಟಿದ್ದೇನೆ.