ಹಳೆಯ ನಡೆ, ಹೊಸ ಹಾಡು

ಹಳೆಯ ಸಂಗೀತದಿಂದ ಸ್ಫೂರ್ತಿ ಪಡೆದು ಹೊಸ ಹಾಡು ಕಟ್ಟುವುದೆಂದರೇನು? ಹಳೆಯ ಧಾಟಿಯನ್ನು ಎತ್ತಿಕೊಂಡು ಬೇಗಬೇಗ ಹಾಡುವುದೇ? ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಉಲ್ಲಾಸದ ಹಾಡೊಂದನ್ನು ಬರೆದು ಧ್ವನಿಮುದ್ರಿಸುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ. ಮಾಡಿ ಕಲಿತುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಕನ್ನಡದಲ್ಲಿ ಈ ಕೆಲಸ ಹೊಸದೇನಲ್ಲ. ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಹಾಡಿ ಹಳ್ಳಿಯ ಪದಗಳನ್ನು ನಗರದ ವೇದಿಕೆಗೂ ಗ್ರಾಮಫೋನ್ ತಟ್ಟೆಗೂ ತಂದರು. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷದ ಹಾಡನ್ನು ಮಾತ್ರ ಹಿಡಿಯುತ್ತಿತ್ತು. ಊರಿನಲ್ಲಿ ಎಷ್ಟು ಹೊತ್ತಾದರೂ ಬೆಳೆಯಬಲ್ಲ ಪದ ಅಷ್ಟರಲ್ಲಿ ಅಡಗಬೇಕಾದರೆ ಕೆಲವನ್ನು ಇಟ್ಟುಕೊಂಡು ಕೆಲವನ್ನು ಬಿಡಲೇಬೇಕು. 1996ರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಜಾನಪದ ಧಾಟಿಯ ಹಾಡುಗಳನ್ನು ಕಟ್ಟಿದಾಗಲೂ ಅವರ ಮುಂದೆ ಇದೇ ಆಯ್ಕೆ ಇದ್ದಿರಬೇಕು. ಏನನ್ನು ಇಟ್ಟುಕೊಳ್ಳಬೇಕು ಎಂಬುದೇ ಪ್ರಶ್ನೆ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ತೆಲುಗು ಬೆರೆತ ಕನ್ನಡ, ಇವು ನಮ್ಮ ಬದುಕು. ಅಜ್ಜಿಗೆ ರಾಗಿ ಬೀಸುವ ಪದಗಳು ಬರುತ್ತವೆ. ಬೀಸುವ ಪದಕ್ಕೆ ಕಲ್ಲಿನ ಸುತ್ತೇ ತಾಳ. ಕೈ ದಣಿದಂತೆ ಸ್ವರವೂ ಎಳೆಯುತ್ತದೆ. ಹಿಟ್ಟಿನ ಗಿರಣಿ ಬಂದ ಮೇಲೆ ಪದಕ್ಕೆ ಕೆಲಸ ತಪ್ಪಿತು. ನಾನು ಆ ಧಾಟಿಯನ್ನು ಮೊಬೈಲಿನಲ್ಲಿ ಸಿಗುವ ಸಿದ್ಧ ತಾಳಕ್ಕೆ ಜೋಡಿಸಿ ಎರಡರಷ್ಟು ವೇಗದಲ್ಲಿ ಹಾಡಿದೆ. ಮಾತುಗಳು ಒಂದರ ಮೇಲೊಂದು ಬಿದ್ದವು. ಬಾಗಿಲಲ್ಲಿ ನಿಂತು ಕೇಳಿದ ಅಪ್ಪ, “ಇದು ಓಡ್ತಾ ಇಲ್ಲ ಕಣಪ್ಪ, ಎಡವ್ತಾ ಇದೆ” ಎಂದರು.

ಅಪ್ಪ ಅಷ್ಟು ಹೇಳಿದ್ದೇ ನನಗೆ ಆಶ್ಚರ್ಯ. ನಮ್ಮ ತಾತ ತಮಟೆ ಬಾರಿಸುತ್ತಿದ್ದವರು. ಜಾತ್ರೆಗೂ ಅವರೇ, ಸಾವಿಗೂ ಅವರೇ. ಕರೆದಾಗ ಹೋಗಲೇಬೇಕು, ಹೋದ ಮೇಲೆ ಬಾಗಿಲಾಚೆಯೇ ನಿಲ್ಲಬೇಕು. ಅಪ್ಪನೂ ಕೆಲಕಾಲ ಬಾರಿಸಿ ಬಿಟ್ಟವರು. ನನಗಂತೂ ಅದನ್ನು ಮುಟ್ಟಗೊಡಲಿಲ್ಲ. “ಈ ಕೈಗೆ ಬಂದದ್ದು ನಿನ್ನ ಕೈಗೆ ಬೇಡ, ಓದ್ಕೊ” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲು. ನಮ್ಮ ಜಿಲ್ಲೆಯವರೇ ಆದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಅಪ್ಪ ಪತ್ರಿಕೆಯ ಚಿತ್ರವನ್ನು ಬಹಳ ಹೊತ್ತು ನೋಡಿದ್ದರು, ಏನೂ ಮಾತಾಡಿರಲಿಲ್ಲ. ಅಂದು ಮಾತ್ರ ಅಟ್ಟದ ಮೇಲಿನಿಂದ ತಾತನ ತಮಟೆಯನ್ನು ಇಳಿಸಿದರು.

ತಮಟೆಯೆಂದರೆ ಬಳೆಗೆ ಚರ್ಮ ಬಿಗಿದ ವಾದ್ಯ. ತಂಪಿಗೆ ಚರ್ಮ ಸಡಿಲಗೊಳ್ಳುವುದರಿಂದ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿದಷ್ಟೂ ನಾದ ಗಡುಸಾಗುತ್ತದೆ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ಕೋಲು ನಡೆಯನ್ನು ಹಿಡಿಯುತ್ತದೆ, ಕಡ್ಡಿ ನಡುವಣ ತೆರಪಿನಲ್ಲಿ ಆಡುತ್ತದೆ. ಅಪ್ಪ ಬಾರಿಸಿದ್ದು ‘ತಕಿಟ ತಕಿಟ’ ಎಂಬ ಮೂರರ ನಡೆ. ವೇಗ ನನ್ನ ಮೊದಲ ಹಾಡಿಗಿಂತ ಕಡಿಮೆ. ಆದರೂ ಕಾಲು ತಾನಾಗಿ ಕುಣಿಯಿತು. ಪೆಟ್ಟಿಗೂ ಪೆಟ್ಟಿಗೂ ನಡುವೆ ಉಸಿರಾಡಲು ಜಾಗವಿದ್ದರೇ ಹಾಡಿಗೆ ಉಲ್ಲಾಸ ಎಂಬುದು ಆಗ ತಿಳಿಯಿತು.

ಅಜ್ಜಿಯ ಧಾಟಿಯ ತಿರುವುಗಳನ್ನೂ ತಾತನ ನಡೆಯನ್ನೂ ಇಟ್ಟುಕೊಂಡು ಮಾತನ್ನು ಹೊಸದಾಗಿ ಬರೆದೆ. ವಿಷಯ ರೇಷ್ಮೆಹುಳು. ಗೂಡು ಕಟ್ಟುವ ಮುನ್ನ ಹುಳು 4 ಬಾರಿ ಸೊಪ್ಪು ಬಿಟ್ಟು, ಪೊರೆ ಕಳಚಿ ಮತ್ತೆ ಏಳುತ್ತದೆ. ಇದನ್ನು ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ. ಆದರೆ ‘ಜ್ವರ’ ಎಂಬುದು ಎರಡೇ ಮಾತ್ರೆ. ಮೂರರ ನಡೆಯಲ್ಲಿ ಕುಂಟುತ್ತದೆ. ‘ನಿದ್ದೆ’ ಎಂದರೆ ಸರಿಯಾಗಿ ಮೂರು. ಹೀಗೆ ಪಲ್ಲವಿ ನಿಂತಿತು:

ಏಳು ಏಳು ಸೊಪ್ಪು ಬಂತು,
ನಾಲ್ಕು ನಿದ್ದೆ ದಾಟಿ ನಿಂತು.

ಚರಣಗಳೂ ನಾಲ್ಕು. ಪ್ರತಿ ಚರಣದ ಕೊನೆಗೆ ಹುಳು ಜ್ವರಕ್ಕೆ ಕೂತಂತೆ ತಮಟೆ ನಿಲ್ಲುತ್ತದೆ. ಪಲ್ಲವಿಯೊಡನೆ ಮತ್ತೆ ಏಳುತ್ತದೆ.

ಬೆಳೆ ಮುಗಿದು ತೆರವಾಗಿದ್ದ ಹುಳು ಮನೆಯೇ ನಮ್ಮ ಧ್ವನಿಮುದ್ರಣ ಶಾಲೆ. ಬೋಳು ಗೋಡೆ ದನಿಯನ್ನು ಹಿಂದಕ್ಕೆಸೆಯುತ್ತಿದ್ದುದರಿಂದ ಚಂದ್ರಿಕೆಗಳನ್ನು ಒರಗಿಸಿ ಮೇಲೆ ಕಂಬಳಿ ಹೊದಿಸಿದೆವು. ಮೊದಲ ಸಲ ತಮಟೆಯ ನಾದ ಒಡೆದು ಕೇಳಿಸಿತು, ಹಾಡುವವರ ಮಾತು ಮುಳುಗಿಹೋಯಿತು. ಮೊಬೈಲು ತಾಳುವುದಕ್ಕಿಂತ ಗಟ್ಟಿಯಾದ ಸದ್ದು ಬಂದರೆ ಹೀಗಾಗುತ್ತದೆ. ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿದರೆ ಸರಿಹೋಗುತ್ತದೆಂದು ಗೆಳೆಯನೊಬ್ಬ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅಪ್ಪನಿಗೆ ಅದನ್ನು ಹೇಳಲು ನನ್ನ ನಾಲಗೆ ಏಳಲಿಲ್ಲ. ಅವರನ್ನು ನಡುಮನೆಯಲ್ಲೇ ಬಿಟ್ಟು, ಮೊಬೈಲು ಹಿಡಿದು ನಾವೇ ದೂರದ ಮೂಲೆಗೆ ಸರಿದು, ಅದಕ್ಕೆ ಬಾಯಿ ಹತ್ತಿರವಿಟ್ಟು ಹಾಡಿದೆವು. ಏಳನೆಯ ಸಲಕ್ಕೆ ಎರಡೂ ಸಮವಾದವು.

ಇಂಥ ಹಾಡಿನ ಕೆಳಗೆ ‘ಜಾನಪದ’ ಎಂದಷ್ಟೇ ಬರೆಯುವುದು ವಾಡಿಕೆ. ಹಾಗೆ ಬರೆದರೆ ಅದನ್ನು ಕಾಪಾಡಿದವರು ಯಾರೂ ಇಲ್ಲವೆಂದಂತಾಗುತ್ತದೆ. ಆದುದರಿಂದ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಧಾಟಿಗೆ ಅಜ್ಜಿಯ ಹೆಸರನ್ನೂ ತಮಟೆಗೆ ಅಪ್ಪನ ಹೆಸರನ್ನೂ ‘ಕಲಾವಿದರು’ ಎಂಬುದರ ಕೆಳಗೆ ಹಾಕಿಸಿದೆ. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

ತಮಟೆ ಮತ್ತೆ ಅಟ್ಟಕ್ಕೆ ಹೋಗಲಿಲ್ಲ, ಗೋಡೆಯ ಮೊಳೆಯಲ್ಲಿದೆ. ಕಲಿಸಿಕೊಡಿ ಎಂದು ಕೇಳಿದ್ದೇನೆ. “ಪರೀಕ್ಷೆ ಮುಗೀಲಿ” ಎಂದಿದ್ದಾರೆ.