ದಮ್ಮು ಏಳಿಸುವ ಚೀಟಿಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಅಡತಿ ಅಂಗಡಿ ನಡೆಸುವ ನಮ್ಮ ಮನೆತನಗಳಿಗೆ ಕಾಳಿನ ಧೂಳು ಹೊಸದಲ್ಲ. ಆದರೆ ಒಂದೇ ಗಾದಿಯ ಮೇಲೆ ಕೂಡುವ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಏನೂ ಆಗದು, ಇನ್ನೊಬ್ಬನಿಗೆ ರಾತ್ರಿ ದಮ್ಮು ಏಳುತ್ತದೆ. ಯಾಕೆ?

ಧೂಳಿನಲ್ಲಿರುವ ಸಣ್ಣ ನುಸಿ, ಬೂಷ್ಟಿನ ಕಣ ಶ್ವಾಸನಾಳಕ್ಕೆ ತಗುಲಿದಾಗ, ಒಳಪದರದ ಜೀವಕೋಶಗಳು ಟಿ.ಎಸ್.ಎಲ್.ಪಿ. ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಪೇಟೆಯಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಕಳಿಸುವ ಚೀಟಿ ಇದ್ದಂತೆ ಇದು. ಚೀಟಿ ತಲುಪಿದ ಬಿಳಿ ರಕ್ತಕಣಗಳು ತಾವೂ ಚೀಟಿ ಬರೆಯತೊಡಗುತ್ತವೆ. ಅಲರ್ಜಿ ಇರುವವರಲ್ಲಿ ಈ ಬರವಣಿಗೆ ಅತಿಯಾಗುತ್ತದೆ. ಇವುಗಳಿಗೆ ಇಂಟರ್‌ಲ್ಯೂಕಿನ್ ಎಂದು ಹೆಸರು, ಜೊತೆಗೊಂದು ನಂಬರು. 4ನೆಯದು ಅಲರ್ಜಿಯ ಪ್ರತಿಕಾಯವಾದ ಐಜಿಇ ತಯಾರಾಗುವಂತೆ ಮಾಡುತ್ತದೆ. 13ನೆಯದರಿಂದ ಕಫ ಹೆಚ್ಚುತ್ತದೆ, ನಾಳ ಬೇಗ ಬಿಗಿಯುತ್ತದೆ. 5ನೆಯದು ಇಯೋಸಿನೊಫಿಲ್ ಎಂಬ ಕಣಗಳನ್ನು ಬೆಳೆಸಿ ಸಾಕುತ್ತದೆ. ಬಾವು ಆರದಂತೆ ನೋಡಿಕೊಳ್ಳುವವು ಇವೇ.

ಈ 5ನೆಯದರ ಕಥೆ ತಿಳಿಯುವಂಥದು. ಅದನ್ನು ತಡೆಯುವ ಇಂಜೆಕ್ಷನ್ನಿನ ಒಂದು ಪರೀಕ್ಷೆ 2000ರಲ್ಲಿ ಪ್ರಕಟವಾಯಿತು. ಇಯೋಸಿನೊಫಿಲ್ ಇಳಿದವು, ನಾಳದ ಬಿಗಿತ ಮಾತ್ರ ಹಾಗೆಯೇ ಉಳಿಯಿತು. ಔಷಧಿ ನಿರುಪಯೋಗಿ ಎಂದು ಅನೇಕರು ಬಗೆದರು. ಮುಂದೆ, ಸ್ಟಿರಾಯ್ಡ್ ತೆಗೆದುಕೊಂಡರೂ ಇಯೋಸಿನೊಫಿಲ್ ಇಳಿಯದವರನ್ನೇ ಆರಿಸಿ ಕೊಟ್ಟು ನೋಡಿದರು. 2009ರಲ್ಲಿ ಹೊರಬಂದ ಎರಡು ಅಧ್ಯಯನಗಳಲ್ಲಿ ಅಂಥವರಿಗೆ ಆಸ್ತಮಾ ಕೆರಳುವುದು ಕಡಿಮೆಯಾಗಿತ್ತು. ಆಸ್ತಮಾ ಎಂಬ ಒಂದೇ ಹೆಸರಿನಡಿ ಹಲವು ಬೇನೆಗಳಿವೆ ಎಂಬುದು ಇದರಿಂದ ಗಟ್ಟಿಯಾಯಿತು. 2015ರಲ್ಲಿ ಅಮೆರಿಕೆಯಲ್ಲಿ ಮೆಪೊಲಿಝುಮ್ಯಾಬ್ ಎಂಬ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು. ಮೊದಲ ಚೀಟಿಯಾದ ಟಿ.ಎಸ್.ಎಲ್.ಪಿ.ಯನ್ನೇ ಹಿಡಿಯುವ ಟೆಝೆಪೆಲುಮ್ಯಾಬಿಗೆ 2021ರಲ್ಲಿ.

ಇವು ಬಹಳ ತುಟ್ಟಿ. ಪಂಪಿಗೆ ಬಗ್ಗದ ತೀವ್ರ ಆಸ್ತಮಾ ಇರುವ ಕೆಲವರಿಗೆ ಮಾತ್ರ ಬೇಕಾಗುತ್ತವೆ. ಉಳಿದವರಿಗೆ ದಿನವೂ ಸೇದುವ ಸ್ಟಿರಾಯ್ಡ್ ಪಂಪೇ ಈ ಚೀಟಿಗಳಲ್ಲಿ ಬಹಳಷ್ಟನ್ನು ಬರೆಯುವ ಮೊದಲೇ ತಡೆಯುತ್ತದೆ. ಬರೀ ನಾಳ ತೆರೆಯುವ ಪಂಪು ಆ ಹೊತ್ತಿಗೆ ಆರಾಮ ಕೊಡುತ್ತದೆ, ಚೀಟಿಗಳ ಓಡಾಟ ನಿಲ್ಲಿಸುವುದಿಲ್ಲ. ನಮ್ಮಲ್ಲಿ ಕೈಬಿಡುವುದು ಮಾತ್ರ ಮೊದಲನೆಯದನ್ನೇ! ಚಟವಾದೀತೆಂಬ ಹೆದರಿಕೆ ಒಂದು. ಹೆಣ್ಣು ನೋಡಲು ಬಂದವರ ಕಣ್ಣಿಗೆ ಬೀಳಬಾರದೆಂದು ಮಗಳ ಪಂಪನ್ನು ಕಪಾಟಿನಲ್ಲಿ ಮುಚ್ಚಿಡುವ ತಾಯಂದಿರನ್ನೂ ನಾವು ಬಲ್ಲೆವು. ಮುಚ್ಚಿಟ್ಟ ಬೇನೆ ಮದುವೆಯ ಮನೆಯ ಹೊಗೆಯಲ್ಲೇ ಕೆರಳಿದರೆ ಗತಿಯೇನು? ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿಯುವವರು ಪಂಪಿನ ವಿಷಯವನ್ನು ಮುನಿಮಹಾರಾಜರಲ್ಲೂ ಡಾಕ್ಟರರಲ್ಲೂ ಮೊದಲೇ ಕೇಳಿಕೊಳ್ಳಬೇಕು; ತಾವಾಗಿ ನಿಲ್ಲಿಸಬಾರದು.

ಒಮ್ಮೆ ಸೇದಿದಾಗ ಒಳಹೋಗುವ ಸ್ಟಿರಾಯ್ಡು ಮೈಕ್ರೊಗ್ರಾಂ ಲೆಕ್ಕದ್ದು, ಗುಳಿಗೆಯದು ಮಿಲಿಗ್ರಾಂ ಲೆಕ್ಕದ್ದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆಗೆ ಬಿಳಿ ಬೂಷ್ಟು ಹತ್ತಬಹುದು.