ಪರಮತವಿಚಾರವೂ ಪರನಿಂದೆಯೂ: ವಿಜಯಪುರ ಪ್ರಾಂತದ ಕೆಲವು ನಿದರ್ಶನಗಳು

ಮತಧರ್ಮಗಳಲ್ಲಿ ಜನರ ಮನಸ್ಸನ್ನು ನೋಯಿಸುವ ಸಂಗತಿ ಯಾವುದೆಂದು ಕೇಳಿದರೆ ಬಗೆಬಗೆಯ ಉತ್ತರಗಳು ಬರುತ್ತವೆ. ನುಡಿಯೊಂದು ನಡೆಯೊಂದಾಗಿರುವ ಉಪದೇಶಕರು, ಹುಟ್ಟಿನಿಂದ ಮೇಲುಕೀಳುಗಳನ್ನೆಣಿಸುವ ರೂಢಿ, ಅರ್ಥವರಿಯದ ಆಚಾರ, ದೇವರ ಹೆಸರಿನಲ್ಲಿ ನಡೆಯುವ ಧನಸಂಗ್ರಹ, ಇವು ಸಾಮಾನ್ಯವಾಗಿ ಎಣಿಸಲ್ಪಡುವ ದೋಷಗಳು. ಆದರೆ ಇವೆಲ್ಲಕ್ಕಿಂತ ಆಳವಾಗಿ ನಾಟುವುದು ಮತ್ತೊಂದುಂಟು. ತನ್ನ ಮತದ ಅಳತೆಗೋಲಿನಿಂದ ಪರರ ಅಂತರಂಗವನ್ನು ಅಳೆದು, ಇವನು ಭಕ್ತನು, ಇವನು ಭ್ರಷ್ಟನು ಎಂದು ತೀರ್ಪು ಕೊಡುವುದೇ ಅದು. ತತ್ತ್ವಭೇದವನ್ನು ಜನರು ಹೇಗೋ ಸಹಿಸುವರು. ಇಂಥ ತೀರ್ಪನ್ನು ಸಹಿಸರು. ಈ ಮಾತಿಗೆ ವಿಜಯಪುರ ನಗರದಲ್ಲಿಯೂ ನೆರೆಯ ತಿಕೋಟೆ ಬಬಲೇಶ್ವರಗಳ ಸೀಮೆಯಲ್ಲಿಯೂ ದೊರೆಯುವ ನಿದರ್ಶನಗಳನ್ನು ಪರಿಶೀಲಿಸಿ, ನಮ್ಮ ಪ್ರಾಚೀನ ಸಾಹಿತ್ಯವನ್ನು ಪಾಠಹೇಳುವವರಿಗೆ ಅವುಗಳಿಂದ ಆಗುವ ಪ್ರಯೋಜನವನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂಥ ತೀರ್ಪು ಪರಮತದವರ ಮೇಲೆಯೇ ಬೀಳಬೇಕೆಂಬ ನಿಯಮವಿಲ್ಲ. ಯೂಸುಫ ಆದಿಲಶಹನು 16ನೆಯ ಶತಮಾನದ ಆದಿಯಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಒಂದನೆಯ ಇಬ್ರಾಹೀಮನು (1534–1558) ಅದನ್ನು ತೆಗೆದು ಸುನ್ನೀ ಪಂಥವನ್ನು ನಿಲ್ಲಿಸಿದನು. ಒಂದನೆಯ ಅಲಿಯು (1558–1580) ಮರಳಿ ಶಿಯಾ ಪಂಥವನ್ನೇ ಎತ್ತಿಹಿಡಿದನು. ಎರಡನೆಯ ಇಬ್ರಾಹೀಮನ ಕಾಲದಲ್ಲಿ (1580–1627) ಸುನ್ನೀ ಪಂಥವು ಮತ್ತೆ ನೆಲೆಗೊಂಡಿತು. ಒಂದೇ ಕುರಾನನ್ನು ಓದುವ ಜನರು ಒಬ್ಬ ಅರಸನ ಆಳಿಕೆಯಲ್ಲಿ ಸನ್ಮಾರ್ಗಿಗಳೆನಿಸಿ, ಮುಂದಿನವನ ಆಳಿಕೆಯಲ್ಲಿ ದಾರಿ ತಪ್ಪಿದವರೆನಿಸಿದರು. ಜನರ ಭಕ್ತಿಯಲ್ಲಿ ವ್ಯತ್ಯಾಸವಾಗಿರಲಿಲ್ಲ. ತೀರ್ಪು ಕೊಡುವವನು ಬೇರೆಯಾಗಿದ್ದನು, ಅಷ್ಟೆ.

ಅರಸನೂ ಈ ತೀರ್ಪಿನಿಂದ ತಪ್ಪಿಸಿಕೊಳ್ಳಲಾರನೆಂಬುದಕ್ಕೆ ಎರಡನೆಯ ಇಬ್ರಾಹೀಮನೇ ಸಾಕ್ಷಿ. ದಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನವರಸ'ವೆಂಬ ಗೀತಸಂಗ್ರಹದಲ್ಲಿ ಸರಸ್ವತೀಗಣಪತಿಗಳ ಸ್ತುತಿಯೂ ಉಂಟು, ಕಲಬುರಗಿಯ ಬಂದೇನವಾಜ ಗೇಸುದರಾಜರ ಸ್ತುತಿಯೂ ಉಂಟು. 1599ರಲ್ಲಿ ಅವನು ನಗರದ ಪಶ್ಚಿಮಕ್ಕೆ ನವರಸಪುರವನ್ನು ಕಟ್ಟಿಸಲು ತೊಡಗಿದ ಸ್ಥಳವು, ಕುಮಾರವಾಲ್ಮೀಕಿಯು ರಾಮಾಯಣವನ್ನು ಅರ್ಪಿಸಿದ ನರಸಿಂಹನ ತೊರವೆಗೆ ಸಮೀಪದಲ್ಲಿಯೇ ಇದೆ. ಜನರು ಈ ಅರಸನನ್ನು ಜಗದ್ಗುರುವೆಂದು ಕರೆದರು. ಇವನು ಸ್ವಮತವನ್ನು ಬಿಟ್ಟನೆಂಬ ಸಂಶಯವೂ ಹಬ್ಬಿತು. ಇಬ್ರಾಹೀಮರೋಜಾದಲ್ಲಿ ಕೆತ್ತಿರುವ ಕುರಾನಿನ ವಚನಗಳಲ್ಲಿ ಒಂದು ಪ್ರವಾದಿ ಇಬ್ರಾಹೀಮರ ವಿಷಯವಾದುದು. ಅವರು ಯೆಹೂದ್ಯರೂ ಅಲ್ಲ, ಕ್ರೈಸ್ತರೂ ಅಲ್ಲ, ಏಕದೇವನಿಷ್ಠರೆಂಬುದು ಅದರ ತಾತ್ಪರ್ಯ. ಅದೇ ಹೆಸರಿನ ಅರಸನ ಗೋರಿಯ ಮೇಲೆ ಈ ವಚನವನ್ನು ಆರಿಸಿರುವುದು ಆ ಸಂಶಯಕ್ಕೆ ಕೊಟ್ಟ ಉತ್ತರವೆಂದು ವಿದ್ವಾಂಸರು ಊಹಿಸಿರುವರು. ಊಹೆ ಸರಿಯಾದರೆ, ಸತ್ತ ಮೇಲೆಯೂ ತನ್ನ ಶ್ರದ್ಧೆಗೆ ಕಲ್ಲಿನಿಂದ ಸಾಕ್ಷಿ ಹೇಳಿಸಬೇಕಾದ ದುಃಖ ಎಂಥದೆಂಬುದನ್ನು ಆ ಶಿಲಾಲಿಪಿಯೇ ತಿಳಿಸುವುದು.

ಇನ್ನು ನಮ್ಮ ಸಾಹಿತ್ಯದ ಕಡೆಗೆ ತಿರುಗೋಣ. ಅನ್ಯರ ವಿಚಾರಗಳನ್ನೂ ಧರ್ಮಗಳನ್ನೂ ತಾಳಿಕೊಳ್ಳುವುದನ್ನೇ ಐಶ್ವರ್ಯವೆಂದೆಣಿಸಿದ 'ಕವಿರಾಜಮಾರ್ಗ'ವು 9ನೆಯ ಶತಮಾನದ್ದು. ಹೀಗಿದ್ದರೂ 12ನೆಯ ಶತಮಾನದ ಬ್ರಹ್ಮಶಿವನ 'ಸಮಯಪರೀಕ್ಷೆ'ಯಲ್ಲಿ ಜೈನೇತರ ಮತಗಳ ಕಟುವಾದ ಖಂಡನೆಯಿದೆ. ಅತ್ತ ಏಕಾಂತದ ರಾಮಯ್ಯನ ಕಥೆಯಲ್ಲಿ ಜೈನರ ಸೋಲೇ ಶಿವಭಕ್ತಿಯ ಗೆಲವಾಗಿ ವರ್ಣಿತವಾಗಿದೆ. ಇವನ್ನು ಮುಚ್ಚಿಡುವುದು ಅಸತ್ಯ. ಇಂದಿನ ನೆರೆಯವರ ಮೇಲೆ ಪ್ರಯೋಗಿಸುವುದು ಅನ್ಯಾಯ.

ವಚನಗಳ ಖಂಡನೆಯ ಸ್ವರೂಪವೇ ಬೇರೆ. ಬಸವಣ್ಣನವರು ಈ ಜಿಲ್ಲೆಯ ಬಾಗೇವಾಡಿಯವರು. ಅವರ ಮತ್ತು ಇತರ ಶರಣರ ವಚನಗಳನ್ನು ಓಲೆಗರಿಗಳಿಂದ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿಯೇ ವಕೀಲರಾಗಿದ್ದವರು. ಬಸವಣ್ಣನವರು ಡಾಂಭಿಕತೆಯನ್ನು ಹಳಿಯುವಾಗ ಮೊದಲು ನಿಲ್ಲಿಸಿ ಕೇಳುವುದು ತಮ್ಮ ಮನಸ್ಸನ್ನೇ. ಅಂಬಿಗರ ಚೌಡಯ್ಯನ ನಾಲಗೆ ಬಲು ಕಟುವಾದುದು. ಆದರೆ ಅದು ಸ್ವಪಕ್ಷದ ವೇಷಧಾರಿಗಳನ್ನೂ ಬಿಡಲಿಲ್ಲ. ಆದುದರಿಂದ ಯಾವ ಖಂಡನೆಯನ್ನು ಓದುವಾಗಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಹೇಳುವವನು ತಾನೂ ಆ ಖಂಡನೆಗೆ ಒಳಗಾಗಿರುವನೆ? ಅವನು ಹಳಿಯುತ್ತಿರುವುದು ನಡತೆಯನ್ನೋ, ಒಂದು ಸಮುದಾಯದಲ್ಲಿ ಹುಟ್ಟಿದ ಮನುಷ್ಯರನ್ನೋ? ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ನಡತೆಯನ್ನೆಂದೂ ಉತ್ತರ ಬಂದರೆ ಅದು ವಿಮರ್ಶೆ, ಇಲ್ಲವಾದರೆ ನಿಂದೆ. ಆತ್ಮಪರೀಕ್ಷೆಗಾಗಿ ಹುಟ್ಟಿದ ವಚನವು ಸಹ ನೆರೆಯವನ ಕಡೆಗೆ ಬೆರಳು ತೋರಿಸುವವನ ಬಾಯಲ್ಲಿ ನಿಂದೆಯಾಗಿ ಮಾರ್ಪಡುವುದು.

ಗ್ರಂಥಗಳಲ್ಲಿ ಇಷ್ಟು ವಾದವಿದ್ದರೂ ಹಳ್ಳಿಗಳ ಬಾಳು ಬೇರೊಂದು ದಾರಿಯನ್ನು ಹಿಡಿದಿದೆ. ತಿಕೋಟೆ ಬಬಲೇಶ್ವರಗಳು ಸೇರಿರುವ ಈ ಸೀಮೆಯಲ್ಲಿ ಮೊಹರಮಿನ ಪಂಜಾಗಳಿಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಕರ್ಬಲೆಯ ಶೋಕವನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಇದು ಶುದ್ಧವಾದ ಮತಾಚರಣೆಯಲ್ಲವೆಂದು ಎರಡು ಕಡೆಯ ಶುದ್ಧಾಚಾರವಾದಿಗಳೂ ಆಕ್ಷೇಪಿಸಬಹುದು. ಹಾಡುವವನಾದರೋ ಯಾರ ಮೇಲೆಯೂ ತೀರ್ಪು ಕೊಡುತ್ತಿಲ್ಲ. ಅನ್ಯರ ದುಃಖದಲ್ಲಿ ಪಾಲುಗೊಳ್ಳುತ್ತಿದ್ದಾನೆ.

ತಿಕೋಟೆ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲಸಿದ್ದ ಸಿದ್ಧೇಶ್ವರ ಸ್ವಾಮಿಗಳು ಗೀತೋಪನಿಷತ್ತುಗಳನ್ನೂ ವಚನಗಳನ್ನೂ ಒಂದೇ ಆದರದಿಂದ ವಿವರಿಸುತ್ತಿದ್ದರು. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಒಪ್ಪಿಸಬೇಕೆಂದೂ ಸ್ಮಾರಕವನ್ನು ಕಟ್ಟಬಾರದೆಂದೂ ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಮಠಗಳಲ್ಲಿ ಸಮಾಧಿಯೇ ರೂಢಿಯಾಗಿರುವ ಈ ನಾಡಿನಲ್ಲಿ, 2023ರ ಜನವರಿ 2ರಂದು ಅವರು ದೇಹವಿಟ್ಟ ಮೇಲೆ ಅವರ ಇಚ್ಛೆಯಂತೆ ದಹನವೇ ನಡೆಯಿತು. ಆಚಾರದ ಅಳತೆಗೋಲಿಗಿಂತ ಬಾಳಿನ ಶೀಲವು ಹಿರಿದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಾಗಿಲ್ಲ.

ಒಂದೇ ತರಗತಿಯಲ್ಲಿ ಜೈನರ, ಲಿಂಗಾಯತರ, ವೈಷ್ಣವರ, ಮುಸಲ್ಮಾನರ ಮಕ್ಕಳು ಕುಳಿತು 'ಸಮಯಪರೀಕ್ಷೆ'ಯನ್ನೋ ವಚನವನ್ನೋ ಕೇಳುತ್ತಿರುವಾಗ ಅಧ್ಯಾಪಕನ ಹೊಣೆ ಸಾಮಾನ್ಯವಾದುದಲ್ಲ. ಕವಿಯ ಕೋಪಕ್ಕೆ ಕಾರಣವಾದ ಕಾಲವನ್ನು ಅವನು ವಿವರಿಸಲಿ. ಆ ಕೋಪವನ್ನು ಮಕ್ಕಳ ಕೈಗೆ ಆಯುಧವಾಗಿ ಕೊಡದಿರಲಿ. ಪಾಠ ಮುಗಿದ ಮೇಲೆ ಯಾವ ಮಗುವೂ ತನ್ನ ಮನೆಯ ದೇವರಿಗಾಗಿ ತಲೆತಗ್ಗಿಸಿಕೊಂಡು ಹೊರಡಬಾರದು. ಹಾಗೆ ಪಾಠಹೇಳುವುದು ಸಾಧ್ಯವಾದರೆ, ಆ ಹಳೆಯ ಖಂಡನಗ್ರಂಥಗಳನ್ನೂ ನಾವು ನಿರ್ಭಯವಾಗಿ ಓದಬಹುದು.